ಸಂಗವ್ವನ ಬಾವಿಗೆ ಬಂದ ಖಣದ ಮೀನು

ಸಂಗವ್ವನ ಬಾವಿ ಉಪ್ಪಾದದ್ದು ಒಂದು ಸೋಮವಾರ. ರೊಟ್ಟಿಯ ಹಿಟ್ಟಿಗೆಂದು ನೀರು ಸೇದಿ ಎಸರಿಗಿಡುವ ಮುಂಚೆ ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡವಳು, ಕೊಡವನ್ನು ಅಲ್ಲೇ ಚೆಲ್ಲಿ ಮತ್ತೆ ಹಿತ್ತಲಿಗೆ ಓಡಿದಳಂತೆ. ಎರಡನೆಯ ಸಲ ಹಗ್ಗ ಬಿಟ್ಟಾಗ ಕೊಡದಲ್ಲಿ ಮೀನು ಬಂತು. ಖಾನಾವಳಿಯ ಒಲೆಯನ್ನು ಹಾಗೇ ಬಿಟ್ಟು, ಮೀನಿನ ಕೊಡವನ್ನು ನಡುಮನೆಯಲ್ಲಿಟ್ಟು, ನನಗೆ ಹೇಳಿ ಕಳಿಸಿದಳು.

ನಮ್ಮೂರಿನಿಂದ ಸಮುದ್ರಕ್ಕೆ ಮೂರು ದಿನದ ದಾರಿ. ಸುತ್ತಲೂ ಕೆಂಪು ಕಲ್ಲಿನ ಗುಡ್ಡ. ಆದರೂ ವರ್ಷಕ್ಕೆ ಐದಾರು ಮನೆಗಳ ಬಾವಿಗೆ ಕಡಲಿನ ಮೀನು ಬರುತ್ತದೆ. ಬಂದ ದಿನ ಆ ಬಾವಿಯ ನೀರು ಉಪ್ಪು. ಮೀನನ್ನು ತೆಗೆದು ಅದೇ ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಸಾಕಿಕೊಂಡರೆ ಮೂರನೆಯ ದಿನಕ್ಕೆ ಬಾವಿ ಸಿಹಿಯಾಗುತ್ತದೆ. ಮೀನು ಆಯುಸ್ಸು ತುಂಬಿ ಹೋದರೆ ಚಿಂತೆಯಿಲ್ಲ. ನಮ್ಮ ಕೈತಪ್ಪಿನಿಂದ ಸತ್ತರೆ ಮಾತ್ರ ಬಾವಿ ಮತ್ತೆ ಉಪ್ಪಾಗಿ, ಇನ್ನೊಂದು ಮೀನು ಬರುವತನಕ ಉಪ್ಪಾಗಿಯೇ ಉಳಿಯುತ್ತದೆ. ಅದು ಬರುವ ವರ್ಷ ಬರಬಹುದು, ಇಪ್ಪತ್ತು ವರ್ಷಕ್ಕೂ ಬರಬಹುದು. ಕಟ್ಟೆ ಓಣಿಯ ದೊಡ್ಡ ಬಾವಿ ನನ್ನ ಅಜ್ಜನ ಕಾಲದಿಂದ ಉಪ್ಪಾಗಿದೆ. ಕಡಲಿನ ಮೀನಿಗೆ ಉಪ್ಪುನೀರೇ ಬೇಕು, ಊರಿನ ತೊಟ್ಟಿಗಳಿಗೆಲ್ಲ ಅದೇ ನೀರು. ಯಾವ ಜಾತಿಯ ಮೀನಿಗೆ ವಾರಕ್ಕೆ ಎಷ್ಟು ಕೊಡ ಎಂದು ನಗರಸಭೆಯವರು ಗೊತ್ತು ಮಾಡಿದ್ದಾರೆ. ಜಾತಿ ಗುರುತಿಸಿ ಸಹಿ ಹಾಕಿ ಚೀಟಿ ಕೊಡುವವನು ನಾನು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಇನಾಮದಾರ. ಗುರುತು ಸಿಗದ ಮೀನಿಗೆ ಎರಡೇ ಕೊಡ. ಆದರೆ ಗುರುತು ಸಿಗದ ಮೀನು ಅಂತ ನಾನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಬರೆದಿರಲಿಲ್ಲ.

ಮೀನು ಬೆರಳುದ್ದ ಇತ್ತು. ತೊಳೆದ ಇಟ್ಟಿಗೆಯ ಮಾಸಲು ಬಣ್ಣ, ಬಾಲದ ಬುಡದಲ್ಲಿ ಒಂದು ಕಪ್ಪು ಚುಕ್ಕೆ. ಪುಸ್ತಕ ತೆರೆದು ಎರಡು ಪುಟ ತಿರುವಿ, ಉಸುಕು ಮೀನು ಎಂದು ಹೇಳಿಬಿಟ್ಟೆ. ತೊಟ್ಟಿಯ ತಳಕ್ಕೆ ನಾಲ್ಕು ಬೆರಳು ಉಸುಕು ಹಾಕಬೇಕು, ರಾತ್ರಿ ಅದರೊಳಗೆ ಹೊಕ್ಕು ಮಲಗುತ್ತದೆ.

"ಮ್ಯಾಲ ಏನರ ಮುಚ್ಚಬೇಕೇನ್ರಿ ಸರ?" ಎಂದಳು ಸಂಗವ್ವ.

"ಏನೂ ಬ್ಯಾಡ. ಹೆದರಿದ್ರ ಕೆಳಗ ಹೋಗ್ತದ, ಮ್ಯಾಲ ಬರೂದಿಲ್ಲ."

ಆಗ ಬನಕ್ಕ ಒಳಗೆ ಬಂದಳು. ಪೇಟೆಯಲ್ಲಿ ಅವಳದೊಂದು ಖಣದ ಅಂಗಡಿ ಇದೆ. ಯಾವ ಸೀರೆ ಒಯ್ದು ಮುಂದಿಟ್ಟರೂ ಅದಕ್ಕೆ ಒಪ್ಪುವ ಕುಬಸದ ಖಣವನ್ನು ಎರಡನೆಯ ಸಲ ಕೈ ಹಾಕದೆ ತೆಗೆದುಕೊಡುವವಳು. ಪೂರ್ತಿ ಹೆಸರು ಬನಶಂಕರಿ, ನೇಕಾರರ ಮನೆಯ ಮಗಳು. ಒಬ್ಬಳೇ ಇರುವುದರಿಂದ ಎರಡೂ ಹೊತ್ತಿನ ಊಟ ಸಂಗವ್ವನ ಖಾನಾವಳಿಯಲ್ಲೇ. ಅವಳ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದ ತೊಟ್ಟಿಯಲ್ಲಿ, ಅಲ್ಲಿನ ಹಿತ್ತಲ ಬಾವಿಗೆ ಬಂದ ಒಂದು ಮೀನು ಆರು ವರ್ಷದಿಂದ ಇದೆ. ಇಂಗ್ಲಿಷ್ ಪುಸ್ತಕದಲ್ಲಿ ಅಂಥವುಗಳಿಗೆ ಫೇರಿ ರಾಸ್ ಎನ್ನುತ್ತಾರೆ. ನಮ್ಮೂರಿನವರು ಅವುಗಳ ಮೈಬಣ್ಣ, ರೆಕ್ಕೆಯ ಅಂಚು ನೋಡಿ ಖಣದ ಮೀನು ಅಂದರು. ಅದರಲ್ಲೂ ದಾಳಿಂಬರಿ, ಚಂದ್ರಕಾಳಿ, ಗಿಳಿಸೆರಗು ಎಂದು ಎಂಟೊಂಬತ್ತು ಜಾತಿ.

ಬನಕ್ಕ ಕೊಡದ ಮೇಲೆ ಬಗ್ಗಿ ಮೀನನ್ನು ನೋಡಿದಳು. ಆಮೇಲೆ, "ತಪ್ಪು ತಿಳೀಬ್ಯಾಡ್ರಿ ಸರ, ಇದು ಖಣದ ಮೀನ ಇದ್ದಂಗೈತಿ" ಎಂದಳು.

"ಖಣದ ಮೀನಿಗೆ ಬಣ್ಣ ಇರ್ತದ ಬನಕ್ಕ. ಇದಕ್ಕ ಎಲ್ಲದ?"

"ಹೆಣ್ಣಿಗೆ ಇರಂಗಿಲ್ರಿ. ಎಲ್ಲಾ ಜಾತಿ ಹೆಣ್ಣೂ ಹಿಂಗ ಇರ್ತಾವು. ಈಗ ಬರೀ ಹಾಸು ಕಟ್ಟೈತಿ, ಬಣ್ಣದ ಹೊಕ್ಕು ಇನ್ನ ಬೀಳಬೇಕು. ಉಸುಕು ಮೀನಾಗಿದ್ರ ಬಂದ ಗಳಿಗಿಗೇ ನೆಲ ನೋಡತಿತ್ತು. ಇದು ನಡುನೀರಾಗ ನಿಂತು ನಮ್ಮನ್ನ ನೋಡಾಕತ್ತೈತಿ."

ಸುತ್ತ ಹತ್ತು ಜನ ಸೇರಿದ್ದರು. ಅಷ್ಟು ಜನರೆದುರು ಖಣ ಮಾರುವವಳು ನನ್ನ ಪುಸ್ತಕವನ್ನು ತಿದ್ದಿದ್ದು ನನಗೆ ಸರಿಬರಲಿಲ್ಲ. ಉಸುಕು ಮೀನು ಎಂದೇ ಚೀಟಿ ಬರೆದು ಸಹಿ ಹಾಕಿದೆ. ಬನಕ್ಕ ವಾದ ಮಾಡಲಿಲ್ಲ, ಕೈ ತೊಳೆದು, ನೆರೆಮನೆಯ ನೀರಿನಿಂದ ಮಾಡಿದ ಊಟಕ್ಕೆ ಕೂತಳು. ಆದರೆ ಆ ಸಂಜೆ ನಾಲ್ಕು ಪಟ್ಟಿ ಜೋಡಿಸಿ, ಸೊಳ್ಳೆ ಪರದೆಯ ಬಟ್ಟೆ ಬಿಗಿದು ಒಂದು ಚೌಕಟ್ಟು ತಂದು ಸಂಗವ್ವನ ತೊಟ್ಟಿಯ ಮೇಲೆ ಮುಚ್ಚಿಹೋದಳಂತೆ. ಸರ ಬೇಡ ಅಂದಾರಲ್ಲ ಎಂದು ಸಂಗವ್ವ ಕೇಳಿದ್ದಕ್ಕೆ, "ಸರು ಅಂದದ್ದು ಖರೇನ. ಇದು ಧೂಳಿಗೆ" ಅಂದಳಂತೆ.

ಮೂರನೆಯ ದಿನ ಬಾವಿ ಸಿಹಿಯಾಯಿತು. ಐದನೆಯ ದಿನ ಬೆಳಿಗ್ಗೆ, ನಾನಿನ್ನೂ ಹಲ್ಲುಜ್ಜುತ್ತಿದ್ದಾಗ, ಸಂಗವ್ವ ತಾನೇ ಓಡಿ ಬಂದಳು. ರೊಟ್ಟಿ ಬಡಿಯಲು ಎಂದಿಗಿಂತ ಮುಂಚೆ ಎದ್ದು ದೀಪ ಹಾಕಿದರೆ ಮೀನು ಎರಡು ಕಲ್ಲುಗಳ ಸಂದಿನಲ್ಲಿ ಓರೆಯಾಗಿ ಬಿದ್ದಿದೆ, ಅಲುಗಾಡುತ್ತಿಲ್ಲ, ಮೈತುಂಬ ಲೋಳೆ. ಹೋಗಿ ನೋಡಿದೆ. ನಿಜವಾಗಿಯೂ ಗಂಜಿಯ ತೆಳ್ಳನೆ ಕೆನೆಯಂಥ ಚೀಲದೊಳಗೆ ಮೀನು ಸುತ್ತಿಟ್ಟಂತೆ ಇತ್ತು. ಚರ್ಮದ ರೋಗ ಎಂದುಕೊಂಡೆ. ಇಂಥದ್ದಕ್ಕೆಂದೇ ಇಟ್ಟುಕೊಂಡಿದ್ದ ನೀಲಿ ಔಷಧದ ಶೀಶೆ ಕಿಸೆಯಲ್ಲೇ ಇತ್ತು. ಲೋಳೆಯನ್ನು ಬ್ರಷ್‌ನಿಂದ ತೆಗೆದು ಹತ್ತು ಹನಿ ಹಾಕಬೇಕು ಎಂದು ತೋಳು ಮಡಚಿದೆ.

ಅಷ್ಟರಲ್ಲಿ ಬನಕ್ಕನೂ ಬಂದಳು. ಬಂದವಳೇ ತೊಟ್ಟಿಯ ಪರದೆಯ ಮೇಲೆ ಅಂಗೈ ಊರಿ ನಿಂತಳು.

"ಸರ, ಒಂದು ತಾಸು ಕೊಡ್ರಿ ನನಗ."

"ತಾಸಿನ್ಯಾಗ ಸತ್ತುಹೋಗ್ತದ ಬನಕ್ಕ."

"ಸಾಯಂಗಿಲ್ರಿ. ಅದು ಹಾಸಿಗಿ. ತಾನ ನೇಯ್ಕೊಂಡು ತಾನ ಹೊದ್ಕೊಂಡು ಮಲಗೇತಿ. ನಂದೂ ದಿನಾ ಹಿಂಗ ಮಲಗತೈತಿ. ಈಕಿ ಹೊತ್ತಿಗಿ ಮುಂಚೆ ದೀಪ ಹಾಕ್ಯಾಳ, ಅದಕ್ಕಿನ್ನ ಎಚ್ಚರಾಗಿಲ್ಲ."

ಇಬ್ಬರೂ ಸಂಗವ್ವನ ಮುಖ ನೋಡಿದೆವು. ಮನೆ ಅವಳದು, ಮೀನು ಅವಳದು. ಗಂಡ ತೀರಿಕೊಂಡ ವರ್ಷ ಎರಡು ಒಲೆಯಿಂದ ಶುರು ಮಾಡಿದ ಖಾನಾವಳಿ ಅದು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಮೆಲ್ಲಗೆ ಅಂದಳು: "ಸರ, ನಲವತ್ತು ಮಂದಿ ಉಣ್ಣಾಕ ಬರ್ತಾರ ನನ್ನ ಮನಿಗೆ. ಬಾವಿ ಹೋತಂದ್ರ ನಾನೂ ಹೋದಂಗ. ನೀವು ಓದಿದವರು, ಆಕಿ ಸಾಕಿದಾಕಿ. ಒಂದು ತಾಸು ತಡೀರಿ."

ತಡೆದೆವು. ಶೀಶೆ ನನ್ನ ಕೈಯಲ್ಲೇ ಇತ್ತು. ಸಂಗವ್ವ ಒಲೆಯ ಕಡೆ ಹೋಗಲಿಲ್ಲ, ಕೂರಲೂ ಇಲ್ಲ. ಬೆಳಕಿಂಡಿಯಿಂದ ಬಿಸಿಲು ಇಳಿದು ಗೋಡೆಯಿಂದ ನೆಲಕ್ಕೆ, ನೆಲದಿಂದ ತೊಟ್ಟಿಯ ಕಲ್ಲಿಗೆ ಬಂತು. ಮೀನಿನ ಕಣ್ಣು ತಿರುಗಿತು. ಒಮ್ಮೆ ಮೈ ಮುರಿಯಿತು, ಇನ್ನೊಮ್ಮೆ ಮುರಿಯಿತು. ಚೀಲ ಹರಿದು ಹಿಂದೆ ಉಳಿಯಿತು, ಮೀನು ಹೊರಬಂತು. ಬಂದದ್ದೇ ಮೂವರು ಮುಖ ಒಡ್ಡಿ ನಿಂತದ್ದನ್ನು ಕಂಡು ಬೆದರಿ, ನೀರಿನಿಂದ ಮೇಲಕ್ಕೆ ಹಾರಿ, ಪರದೆಗೆ ಟಪ್ಪನೆ ಬಡಿದು ತಿರುಗಿ ನೀರಿಗೆ ಬಿತ್ತು.

ನಾನು ಆ ಪರದೆಯನ್ನೇ ನೋಡಿದೆ. ಅದಿಲ್ಲದಿದ್ದರೆ ಮೀನು ಒಲೆಯ ಬೂದಿಯಲ್ಲಿ ಬಿದ್ದಿರುತ್ತಿತ್ತು. ಬನಕ್ಕ ನನ್ನ ಕಡೆ ನೋಡಲೇ ಇಲ್ಲ. "ಚಾ ಮಾಡು ಸಂಗವ್ವ, ಸರು ಖಾಲಿ ಹೊಟ್ಟಿಲೆ ಬಂದಾರ" ಎಂದಳು.

ಅವತ್ತು ಚೀಟಿ ಹರಿದು ಹೊಸದು ಬರೆದೆ: ಖಣದ ಮೀನು, ಯಾವ ಜಾತಿ ಎಂಬುದು ಮುಂದೆ ತಿಳಿಯಬೇಕು. ಜಾತಿ ಗೊತ್ತಾದ ಖಣದ ಮೀನಿಗೆ ಆರು ಕೊಡ, ಅಲ್ಲಿಯತನಕ ಎರಡು ಕೊಡದಲ್ಲೇ ಸಂಗವ್ವ ತೂಗಿಸಬೇಕಾಯಿತು. ಅದು ದಿನವಿಡೀ ಈಜುವ ಮೀನು. ಒಮ್ಮೆಲೇ ಹೆಚ್ಚು ತಿನ್ನುವುದಿಲ್ಲ. ದಿನಕ್ಕೆ ನಾಲ್ಕು ಸಲ ಚಿಟಿಕೆ ಚಿಟಿಕೆ ಹಾಕಬೇಕು, ಉಳಿದರೆ ನೀರು ಕೆಡುತ್ತದೆ. ಹುಟ್ಟಿದಾಗಿನಿಂದ ಮಾಂಸದ ವಾಸನೆ ಕಂಡರಿಯದ ಸಂಗವ್ವ ಹಿತ್ತಲಲ್ಲಿ ಬೇರೆ ಒರಳು ಇಟ್ಟುಕೊಂಡು, ಮೂಗಿಗೆ ಸೆರಗು ಕಟ್ಟಿ ಒಣ ಸೀಗಡಿ ಕುಟ್ಟುತ್ತಿದ್ದಳು. ಕುಟ್ಟಿ ಸ್ನಾನ ಮಾಡಿ ಒಲೆಗೆ ಬರುತ್ತಿದ್ದಳು. ನಾನು ಮಧ್ಯಾಹ್ನದ ಊಟವನ್ನು ಅಲ್ಲಿಗೇ ಬದಲಾಯಿಸಿದೆ. ಬನಕ್ಕ ಹೇಳುವುದನ್ನು ಕೇಳುವುದು ಬೇಕಾಗಿತ್ತು, ಹಾಗಂತ ಯಾರಿಗೂ ಹೇಳಲಿಲ್ಲ.

ಮೂರು ತಿಂಗಳಿಗೆ ಮೀನು ಬದಲಾಗತೊಡಗಿತು. ಬಾಲದ ಚುಕ್ಕೆ ಮಾಸಿತು. ಬೆನ್ನಿನ ರೆಕ್ಕೆ ಎತ್ತರವಾಯಿತು. ಹೊಟ್ಟೆಯ ಕೆಳಗಿನ ಎರಡು ಸಣ್ಣ ರೆಕ್ಕೆಗಳು ಎಳೆ ಬಿಟ್ಟಂತೆ ಉದ್ದವಾದವು. ಮೈ ಕೆಂಪೇರಿತು.

"ಗಂಡಾಗಾಕತ್ತೈತಿ" ಎಂದಳು ಬನಕ್ಕ. "ಈ ಜಾತ್ಯಾಗ ಹಂಗ. ಗಂಡಿಲ್ಲದ ಮನ್ಯಾಗ ಹೆಣ್ಣ ಗಂಡಾಗತೈತಿ."

"ಅದರಾಗೇನ ಹೊಸಾದ?" ಎಂದಳು ಸಂಗವ್ವ, ಸಾರಿನ ಹಂಡೆ ಇಳಿಸುತ್ತ. "ನಾನೂ ಹಂಗ ಆದಾಕೀನ." ಊಟಕ್ಕೆ ಕೂತಿದ್ದ ಲಾರಿ ಡ್ರೈವರುಗಳೆಲ್ಲ ನಕ್ಕರು.

ಗಂಡು ಮೀನಿನ ಬಣ್ಣ ತುಂಬಿದರೆ ಜಾತಿ ಗುರುತಿಸಬಹುದು. ಆದರೆ ಬನಕ್ಕ ತಾನು ಹೇಳುವ ಬದಲು ದಿನವೂ ನನ್ನನ್ನೇ ಕೇಳುತ್ತಿದ್ದಳು. "ಇವತ್ತು ಹೆಂಗೈತ್ರಿ ಸರ?" ನಾನು ಕೆಂಪು ಎನ್ನುತ್ತಿದ್ದೆ. "ಎಂಥಾ ಕೆಂಪ್ರಿ? ದಾಳಿಂಬರಿ ಹೂವಿಂದೋ, ಒಣ ಮೆಣಸಿನಕಾಯಿದೋ, ಗಜ್ಜರಿದೋ?" ನನ್ನ ಪುಸ್ತಕದಲ್ಲಿ ಕೆಂಪು ಒಂದೇ ಇತ್ತು. ಅವಳ ಹತ್ತಿರ ಹದಿನಾಲ್ಕು ಕೆಂಪು ಇದ್ದವು. ನನಗೆ ಪಾಠ ಕಲಿಸುತ್ತಿದ್ದಾಳೆ ಎಂದುಕೊಂಡು ಸಂತೋಷಪಟ್ಟೆ. ಕಾಲೇಜಿಗೆ ಹೋಗುವ ದಾರಿಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ನಿಂತು ನೋಡುತ್ತಿದ್ದೆ.

ಒಂದು ದಿನ ಅವಳ ಅಂಗಡಿಗೆ ಹೋಗಿದ್ದೆ. ಒಬ್ಬ ಹೆಣ್ಣುಮಗಳು ನೀಲಿ ಸೀರೆ ತಂದಿದ್ದಳು. ಬನಕ್ಕ ಸೀರೆ ಮುಟ್ಟಿ, ಹಿಂದೆ ತಿರುಗದೆ ಕೈ ಚಾಚಿ, ಎಡಗಡೆಯ ಮೂರನೆಯ ಸಾಲಿನಿಂದ ಒಂದು ಖಣ ಎಳೆದು ಮುಂದೆ ಹಾಸಿದಳು. ಅದು ಬೂದು ಬಣ್ಣದ್ದು. ಹಿಂದಿನ ದಿನ ಸುಣ್ಣ ಬಳಿಯಲು ಬಂದವರು ಸಾಲುಗಳನ್ನು ತೆಗೆದು ಹಿಂದುಮುಂದಾಗಿ ಇಟ್ಟಿದ್ದರು. ಗಿರಾಕಿ ನಕ್ಕು, "ಯಾಕ ಬನಕ್ಕ, ಚಾಷ್ಟಿ ಮಾಡ್ತಿಯೇನು?" ಎಂದಳು. ಬನಕ್ಕನೂ ನಕ್ಕಳು. ಆದರೆ ಖಣ ಮಡಚಿ ಇಡುವಾಗ ಅವಳು ಸಾಲುಗಳನ್ನು ಬೆರಳಿನಿಂದ ತಡವಿ ಎಣಿಸಿದ್ದನ್ನು ನಾನು ನೋಡಿದೆ.

ಗಿರಾಕಿ ಹೋದ ಮೇಲೆ ಕೇಳಿದೆ. "ಎರಡು ವರ್ಷಾತ್ರಿ" ಎಂದಳು. "ಚಾ ಸೋಸೋ ಅರಿವಿ ಇರತೈತಲ್ಲ, ಅದರೊಳಗಿಂದ ನೋಡಿದಂಗ ಎಲ್ಲಾ. ನೀಲಿ ಅಂಬೋದು ಮರತ ಹೋಗೇತಿ. ಅರಿವಿ ಮುಟ್ಟಿ, ಸಾಲು ನೆನಪಿಟ್ಟು ಯಾಪಾರ ಮಾಡಾಕತ್ತೀನಿ. ಯಾರಿಗೂ ಗೊತ್ತಿಲ್ಲ."

"ಹಂಗಾದ್ರ ಅವತ್ತು ಅದು ಉಸುಕು ಮೀನು ಅಲ್ಲ ಅಂತ ಹ್ಯಾಂಗ ಹೇಳಿದ್ರಿ?"

"ಬಣ್ಣ ನೋಡಿ ಹೇಳಿದ್ನೇನ್ರಿ? ನಡಗಿ ನೋಡಿ ಹೇಳಿದೆ. ದೂರದಿಂದ ಬರೋರನ್ನ ನೀವು ಮಾರಿ ನೋಡಿ ಗುರುತ ಹಿಡಿತೀರೇನು?"

ಎರಡು ಕಣ್ಣೂ ಸರಿಯಿದ್ದು, ಕೈಯಲ್ಲಿ ಪುಸ್ತಕವಿದ್ದು ನಾನು ಕಾಣದ್ದನ್ನು ಅವಳು ಆ ಅರಿವೆಯೊಳಗಿಂದ ಕಂಡಿದ್ದಳು. ಕಣ್ಣಿನಲ್ಲಿ ಪೊರೆ ಬಂದಿರಬೇಕು, ಆಪರೇಶನ್ ಮಾಡಿಸಿದರೆ ಸರಿಹೋಗುತ್ತದೆ ಎಂದೆ. ಅವಳು ಒಪ್ಪಲಿಲ್ಲ. ಆಪರೇಶನ್ ಕೆಟ್ಟರೆ ಇರುವಷ್ಟೂ ಹೋಗುತ್ತದೆ ಎಂಬ ಭಯ. ಅದಕ್ಕಿಂತ ದೊಡ್ಡದು, ದವಾಖಾನೆಯಲ್ಲಿ ಮಲಗಿದರೆ ತನ್ನ ಮೀನಿಗೆ ದಿನಕ್ಕೆ ನಾಲ್ಕು ಸಲ ಹಾಕುವವರು ಯಾರು?

ನಾನು ಸಂಗವ್ವನಿಗೆ ಹೇಳಿಬಿಟ್ಟೆ. ಅವಳು ಹಿಟ್ಟಿನ ಕೈಯಲ್ಲೇ ಎದ್ದು ಅಂಗಡಿಗೆ ನಡೆದಳು. "ನನ್ನ ಬಾವಿ ಉಳಿಸಿದಾಕಿ ನೀ. ನಿನ್ನ ಮೀನಕ್ಕ ನಾಕು ಚಿಟಿಕಿ ಹಾಕಾಕ ನನ್ನ ಕೈ ಸವೀತಾವೇನು? ಕುಟ್ಟೋದು ಹೆಂಗೂ ಕುಟ್ಟತೀನಿ. ನೀ ಹೋಗು" ಎಂದಳು. ಬನಕ್ಕ ತನ್ನ ತೊಟ್ಟಿಯ ಕಡೆ ತಿರುಗಿ, "ಆತು. ಆದ್ರ ಹೋಗೋದ್ರಾಗ ಆ ಮೀನಿನ ಹೆಸರು ಹೇಳಿ ಹೋಗ್ತೀನಿ. ನಾಳೆ ಕಣ್ಣು ಏನಾಗತೈತೋ ಏನೋ. ನಿನಗ ಆರು ಕೊಡ ನೀರು ಬರಬೇಕು" ಎಂದಳು.

ಮರುದಿನ ಮಧ್ಯಾಹ್ನ ಬನಕ್ಕ ತೊಟ್ಟಿಯ ಗಾಜಿಗೆ ಒಂದು ಕೈಗನ್ನಡಿ ಹಿಡಿದಳು. ಅದರೊಳಗೆ ಇನ್ನೊಂದು ಗಂಡು ಕಂಡಿತೆಂದು ಮೀನು ರೋಷದಿಂದ ರೆಕ್ಕೆಗಳನ್ನೆಲ್ಲ ಬಿಚ್ಚಿತು. ಇಡೀ ಮೈಯಲ್ಲಿ ಬಣ್ಣ ಝಗ್ಗನೆ ಹೊತ್ತಿಕೊಂಡಿತು. ಮಡಚಿದ ಸೀರೆಯನ್ನು ಒಮ್ಮೆಲೇ ಜಾಡಿಸಿದ ಹಾಗೆ. ಬನಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು, ನಾನು ನೋಡಿ ಹೇಳುತ್ತಿದ್ದೆ. ಮೈ? ದಾಳಿಂಬರಿ ಹೂವು. ಹೊಟ್ಟೆ? ಬಿಳಿ. ಬೆನ್ನಿನ ರೆಕ್ಕೆಯ ದಡಿ? ಕಪ್ಪು. ಬಾಲದ ತುದಿ ದುಂಡೋ, ಚೂಪೋ? ಚೂಪು. ಎಲ್ಲವನ್ನೂ ಎರಡೆರಡು ಸಲ ಕೇಳಿ, "ದಾಳಿಂಬರೀನ" ಎಂದಳು. ನಾನು ಬರೆದು ಸಹಿ ಹಾಕಿದೆ. ಆ ವಾರದಿಂದ ಆರು ಕೊಡ ಬಂತು.

ಬನಕ್ಕ ಜಿಲ್ಲೆಯ ದವಾಖಾನೆಗೆ ಹೋದಳು. ಮೊದಲು ಒಂದು ಕಣ್ಣು, ಇಪ್ಪತ್ತು ದಿನ ಬಿಟ್ಟು ಇನ್ನೊಂದು. ಅಷ್ಟು ದಿನ ಸಂಗವ್ವ ಎರಡು ಮನೆಯ ಮೀನು ನೋಡಿದಳು. ಅಡುಗೆ ಒಂದು ಹೊತ್ತೂ ತಪ್ಪಲಿಲ್ಲ. ಕಾಲೇಜು ಬಿಟ್ಟ ಮೇಲಿನ ಸರದಿ ನನ್ನದು. ಆರು ವರ್ಷದ ಆ ಮುದಿ ಮೀನು ನನ್ನ ಕೈಯಿಂದ ತಿನ್ನಲು ನಾಲ್ಕು ದಿನ ಒಪ್ಪಲಿಲ್ಲ. ಐದನೆಯ ದಿನ ಒಪ್ಪಿದಾಗ, ಖಾಲಿ ಅಂಗಡಿಯಲ್ಲಿ ನಾನೊಬ್ಬನೇ ಜೋರಾಗಿ ನಕ್ಕಿದ್ದೆ.

ಅವಳು ತಿರುಗಿ ಬಂದದ್ದು ಒಂದು ಗುರುವಾರ ಮುಂಜಾನೆಯ ಬಸ್ಸಿಗೆ. ಕರಿ ಕನ್ನಡಕ ಹಾಕಿಕೊಂಡು ನೇರವಾಗಿ ಖಾನಾವಳಿಗೆ ಬಂದಳು. ಒಳಗೆ ಬಂದು ಕನ್ನಡಕ ತೆಗೆದಳು. ಮೊದಲು ಸಂಗವ್ವನ ಸೀರೆ ನೋಡಿ, "ಎಷ್ಟು ಮಾಸೇತಲ್ಲ ಇದು!" ಎಂದಳು. ಆಮೇಲೆ ಗೋಡೆ ನೋಡಿದಳು, ಹಸಿಮೆಣಸಿನಕಾಯಿ ಬುಟ್ಟಿ ನೋಡಿದಳು, ತನ್ನ ಅಂಗೈ ನೋಡಿಕೊಂಡಳು. ತೊಟ್ಟಿಯ ಹತ್ತಿರ ಮಾತ್ರ ತಡೆದು ತಡೆದು ಹೋದಳು, ಹರಕೆ ತೀರಿಸಲು ಹೋದವರ ಹಾಗೆ.

ಮೀನು ಬಿಸಿಲಿನಲ್ಲಿ ತಿರುಗಿತು. ಬನಕ್ಕ ಮುಖವನ್ನು ಗಾಜಿನ ಹತ್ತಿರ ತಂದಳು.

"ಸರ, ದಡಿ ಕಪ್ಪು ಅಂದಿದ್ರಿ."

"ಹೌದು, ಕಪ್ಪ ಅದ."

"ಇದು ಕಪ್ಪಾ? ಸರಿಯಾಗಿ ನೋಡ್ರಿ. ಇದು ಜಾಂಬಳಿ. ನೇರಳಿ ಹಣ್ಣು ಹಿಚುಕಿದ್ರ ಬೆರಳಿಗೆ ಹತ್ತತೈತಲ್ಲ, ಅದು. ಅದರ ಒಳಗ ಮತ್ತ ಒಂದು ನೀಲಿ ಎಳಿ ಓಡೇತಿ. ಕಾಣತೈತಿಲ್ಲ?"

ಬಗ್ಗಿ ನೋಡಿದೆ. ಅವಳು ಹೇಳಿದ ಮೇಲೆ ಕಾಣಿಸಿತು. ಐದು ತಿಂಗಳು ದಿನಾ ನೋಡಿದ್ದರೂ ನನಗೆ ಕಾಣದಿದ್ದ ಒಂದು ನೂಲಿನೆಳೆಯಷ್ಟು ನೀಲಿ.

"ದಾಳಿಂಬರಿಗೆ ಜಾಂಬಳಿ ದಡಿ ಇರಂಗಿಲ್ಲ" ಎಂದಳು. "ಚಂದ್ರಕಾಳಿಗೆ ಮೈ ಹಿಂಗಿರಂಗಿಲ್ಲ. ಗಿಳಿಸೆರಗು ಅಂತೂ ಅಲ್ಲ."

"ಹಂಗಾದ್ರ ಯಾವುದು?"

ಯಾವ ಸೀರೆ ಒಯ್ದರೂ ಎರಡನೆಯ ಸಲ ಕೈ ಹಾಕದವಳು ಮನಸ್ಸಿನೊಳಗಿನ ಸಾಲುಗಳನ್ನೆಲ್ಲ ಒಂದೊಂದಾಗಿ ಹಿರಿಯುತ್ತಿದ್ದಳು. ಕೊನೆಗೆ ನನ್ನ ಕಡೆ ತಿರುಗಿದಾಗ ಅವಳ ಮುಖ ಸಣ್ಣ ಹುಡುಗಿಯ ಮುಖದ ಹಾಗಿತ್ತು.

"ಗೊತ್ತಿಲ್ರಿ ಸರ. ಇಂಥಾದ್ದು ನಾ ಒಮ್ಮಿನೂ ನೋಡಿಲ್ಲ."

ಸಂಗವ್ವ ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ಮತ್ತ ನೀರು? ಆರು ಕೊಡ ದಾಳಿಂಬರಿ ಹೆಸರಿನ ಮ್ಯಾಲ ಬರ್ತಾವಲ್ಲ?"

"ತಪ್ಪು ಹೆಸರಿನ ಮ್ಯಾಲ ಬ್ಯಾಡ. ನನ್ನ ಮೀನಕ್ಕ ವಯಸ್ಸಾತು, ಅದು ಮೊದಲಿನಂಗ ತಿರಗಾಡೋದಿಲ್ಲ. ನನ್ನ ಪಾಲಿನಾಗ ಮೂರು ಕೊಡ ನೀ ಒಯ್ಯಿ" ಎಂದಳು ಬನಕ್ಕ, ತೊಟ್ಟಿಯಿಂದ ಕಣ್ಣು ತೆಗೆಯದೆ. ಸಂಗವ್ವ ಬನಕ್ಕನ ಮುಖ ನೋಡಿ, ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ನಾನು ನಗರಸಭೆಗೆ ನಡೆದೆ. ನನ್ನ ಚೀಟಿ ತೆಗೆಸಿ, ದಾಳಿಂಬರಿ ಎಂಬುದನ್ನು ಹೊಡೆದುಹಾಕಿ, ಕೆಳಗೆ ದೊಡ್ಡ ಅಕ್ಷರದಲ್ಲಿ 'ಗುರುತು ಸಿಕ್ಕಿಲ್ಲ' ಎಂದು ಬರೆದು ಸಹಿ ಹಾಕಿದೆ. ಗುಮಾಸ್ತ ಕನ್ನಡಕ ಏರಿಸಿ, "ನಿಮಗೂ ಗುರುತ ಸಿಗಲಿಲ್ಲೇನ್ರಿ ಇನಾಮದಾರ ಸರ?" ಎಂದ. "ಬನಕ್ಕಗೂ ಸಿಗಲಿಲ್ಲ" ಎಂದೆ. ಹಾಗೆ ಹೇಳುವಾಗ ನನಗೆ ನಾಚಿಕೆ ಆಗಲಿಲ್ಲ, ಹೆಮ್ಮೆಯಂಥದ್ದೇ ಏನೋ ಆಯಿತು.

ತಿರುಗಿ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಖಾನಾವಳಿ ತುಂಬಿತ್ತು. ಡ್ರೈವರುಗಳು ರೊಟ್ಟಿ ಮುರಿಯುತ್ತಿದ್ದರು, ಸಂಗವ್ವ ಪುಂಡಿಪಲ್ಲೆಯ ಬುಟ್ಟಿ ಹಿಡಿದು ಸಾಲಿನ ನಡುವೆ ಓಡಾಡುತ್ತಿದ್ದಳು. ಬನಕ್ಕ ತೊಟ್ಟಿಯ ಮುಂದೆ ಒಂದು ಮಣೆ ಎಳೆದುಕೊಂಡು ಕೂತಿದ್ದಳು. ತೊಡೆಯ ಮೇಲಿನ ತಾಟಿನಲ್ಲಿ ರೊಟ್ಟಿ ಆರಿಹೋಗಿತ್ತು, ಅದರ ಒಂದು ಚೂರೂ ಮುರಿದಿರಲಿಲ್ಲ. ಅಂಗಡಿಯ ಕಡೆ ಹೋಗೇ ಇರಲಿಲ್ಲ. ಬಾಗಿಲಲ್ಲಿ ಇಬ್ಬರು ಹೆಣ್ಣುಮಕ್ಕಳು ಸೀರೆಯ ಗಂಟು ಹಿಡಿದು ಅವಳಿಗಾಗಿ ಕಾಯುತ್ತಿದ್ದರು.

"ಬರೆದು ಬಂದೆ ಬನಕ್ಕ" ಎಂದೆ. "ಎರಡ ಕೊಡ ಅಂದ್ರು."

ಅವಳು ತಿರುಗದೆಯೇ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದಳು.

"ಮಾತಾಡಬ್ಯಾಡ್ರಿ ಸರ. ಈಗ ಈ ಕಡೆ ತಿರಗತೈತಿ, ನೋಡ್ರಿ."